ಸುರಗಿಗೆ ಐದು ಮಂದಿ

ಮಹಾನಂದಾ ಒಂದು ಕಡೆ ಕೂರುವ ಜಾಯಮಾನದವಳಲ್ಲ. ಬೈಲಹೊಂಗಲದ ಕಾಲೇಜಿನಲ್ಲಿ ಗಣಿತ ಕಲಿಸುವಾಗ ಬೋರ್ಡಿನ ಈ ತುದಿಯಿಂದ ಆ ತುದಿಗೆ ಎಷ್ಟು ಓಡಾಡುತ್ತಾಳೆಂದರೆ, ಮುಂದಿನ ಬೆಂಚಿನ ಹುಡುಗಿಯರು ಕುತ್ತಿಗೆ ನೋವೆಂದು ಹಿಂದೆ ಹೋಗಿ ಕೂರುತ್ತಾರೆ. ತಂಗಿ ಶೀತಲಳ ಮದುವೆಗೆಂದು ವಾರ ಮೊದಲೇ ಮುನವಳ್ಳಿಯ ತವರಿಗೆ ಬಂದವಳು ಚಹಾ ಕುಡಿಯುವುದೂ ನಿಂತುಕೊಂಡೇ. ಗಂಡ ಸುಭಾಸ ಫೋನಿನಲ್ಲಿ "ಕುಂತು ಮಾತಾಡಾಕ ಹತ್ತೀಯೋ, ಅಡ್ಡಾಡಿಕೋತ ಮಾತಾಡಾಕ ಹತ್ತೀಯೋ?" ಎಂದು ಕೇಳುವುದು ಬರೀ ತಮಾಷೆಗಲ್ಲ. ಅಡ್ಡಾಡುತ್ತ ಮಾತಾಡಿದರೆ ಅವಳ ದನಿ ಅರ್ಧ ಕೇಳುವುದಿಲ್ಲ.

ಈ ಸಲದ ಚಡಪಡಿಕೆಗೆ ಸುರಗಿ ಕಾರಣವಾಗಿತ್ತು. ಮದುವೆಯ ಮುನ್ನಾ ದಿನ ಅಂಗಳದ ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ನಡುವೆ ಮದುಮಗಳನ್ನು ಕೂಡಿಸಿ, ಐದು ಮಂದಿ ಮುತ್ತೈದೆಯರು ಕೈಯಿಂದ ಕೈಗೆ ದಾರ ದಾಟಿಸುತ್ತ ತಂಬಿಗೆಗಳಿಗೆ ಸುತ್ತುತ್ತಾರೆ. ಆಮೇಲೆ ಅರಿಶಿನ, ನೀರು, ಹಾಡು. ನೋಡಲಿಕ್ಕೆ ಅರ್ಧ ತಾಸಿನ ಕೆಲಸ. ಆದರೆ ಆ ಐದು ಮಂದಿ ಯಾರು ಎನ್ನುವ ಒಂದು ಮಾತಿಗೆ ಮನೆತನಗಳು ವರ್ಷಗಟ್ಟಲೆ ಮುಖ ತಿರುಗಿಸಿಕೊಂಡು ಓಡಾಡಿದ್ದುಂಟು. ಹೋದ ವರ್ಷ ಕಾಕಾನ ಮಗಳ ಮದುವೆಯಲ್ಲಿ ಬೀಗರ ಕಡೆಯ ಅರ್ಧ ಮಂದಿ ಹೋಳಿಗೆ ಮುಟ್ಟದೆ ಟೆಂಪೋ ಹತ್ತಿ ಹೋಗಿದ್ದರು.

ಮಹಾನಂದಾಳಿಗೆ ಆ ಐದರಲ್ಲಿ ಒಬ್ಬಳು ಇರಲೇಬೇಕಿತ್ತು. ಚಿಗವ್ವ ಕೃಷ್ಣವ್ವ, ಅಂದರೆ ಅವ್ವನ ತಂಗಿ. ಅವ್ವ ಸುಂದರವ್ವ ತೀರಿಕೊಂಡಾಗ ಶೀತಲ ಇನ್ನೂ ಮೊಲೆ ಬಿಡದ ಕೂಸು. ಆಗಲೇ ಗಂಡನನ್ನು ಕಳೆದುಕೊಂಡಿದ್ದ ಕೃಷ್ಣವ್ವ ಈ ಮನೆಗೆ ಬಂದು, ಆ ಕೂಸನ್ನು ಕಾಲೇಜು ಮೆಟ್ಟಿಲು ಹತ್ತುವವರೆಗೆ ಬೆಳೆಸಿದಳು. ಆಮೇಲೆ ಉಗರಗೋಳದಲ್ಲಿ ದೇವಿಯ ಗುಡ್ಡಕ್ಕೆ ಬರುವ ಮಂದಿಗೆ ಕಾಯಿ, ಭಂಡಾರದ ಅರಿಶಿನ ಮಾರುವ ಶಿವಲಿಂಗನ ಜೊತೆ ಉಡಿಕಿ ಆಯಿತು. ಗಂಡ ಸತ್ತವಳು ಮತ್ತೆ ತಾಳಿ ಕಟ್ಟಿಸಿಕೊಂಡರೆ ಅದಕ್ಕೆ ಇಲ್ಲಿ ಉಡಿಕಿ ಎನ್ನುತ್ತಾರೆ. ಕೊರಳಲ್ಲಿ ತಾಳಿ ಇರುತ್ತದೆ, ಹಣೆಯಲ್ಲಿ ಕುಂಕುಮ ಇರುತ್ತದೆ, ಎಲ್ಲರೂ ನಕ್ಕು ಮಾತಾಡಿಸುತ್ತಾರೆ. ಶುಭದ ಕೆಲಸ ಶುರುವಾಗುವ ಹೊತ್ತಿಗೆ ಮಾತ್ರ ಆಕೆಗೆ ಬೇರೆ ಏನಾದರೂ ಕೆಲಸ ಹಚ್ಚುತ್ತಾರೆ.

ಮುನವಳ್ಳಿಗೆ ಬಂದ ಮರುದಿನವೇ ಮಹಾನಂದಾ ಉಗರಗೋಳಕ್ಕೆ ಹೋದಳು. ಕೃಷ್ಣವ್ವ ಅಂಗಡಿಯಲ್ಲಿ ಭಂಡಾರದ ಪುಡಿಕೆ ಕಟ್ಟುತ್ತಿದ್ದಳು. ಕೈ ಮೊಣಕೈವರೆಗೆ ಹಳದಿ.

"ನಾ ಬರಂಗಿಲ್ಲವಾ," ಎಂದಳು. "ನಿಮ್ಮ ಕಾಕಾನ ಮಗಳ ಮದಿವ್ಯಾಗ ಸುರಗಿ ಸುತ್ತೂ ಮುಂದ ನನ್ನ ಅಡಗಿ ಮನಿಗೆ ಕಳಿಸಿದ್ರು, ಬ್ಯಾಳಿ ಸೀದತೈತಿ ನೋಡು ಅಂತ. ಹೋಗಿ ನೋಡಿದ್ರ ಬ್ಯಾಳಿ ಇನ್ನೂ ಒಲಿ ಮ್ಯಾಲ ಇಟ್ಟಿದ್ದಿಲ್ಲ."

ಮಹಾನಂದಾಳಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. "ಈ ಸಲ ಹಂಗಾಗಂಗಿಲ್ಲ ಚಿಗವ್ವ. ಸುರಗಿ ಸುತ್ತೂ ಐದು ಮಂದ್ಯಾಗ ನೀ ಇರತಿ. ನಾ ಮಾತು ಕೊಡತೇನಿ."

"ನಿಮ್ಮ ಸೋದರತ್ತಿ ಕೆಂಪವ್ವಕ್ಕ ಒಪ್ಪಬೇಕಲ್ಲ?"

"ಒಪ್ಪಸೂದು ನನಗ ಬಿಡು."

ಒಪ್ಪಿಸುವ ದಾರಿಯನ್ನು ಬರುವಾಗ ಬಸ್ಸಿನಲ್ಲೇ ಯೋಚಿಸಿದ್ದಳು. ಕೃಷ್ಣವ್ವನ ಹೆಸರೆತ್ತಿ ಹಟ ಹಿಡಿದರೆ ಜಗಳ ಗ್ಯಾರಂಟಿ. ಬದಲಿಗೆ ಎಲ್ಲರ ಶರತ್ತು ಕೇಳುವುದು, ಶರತ್ತಿಗೆ ಹೊಂದುವ ಐವರ ಗುಂಪು ಎಷ್ಟು ಆಗುತ್ತವೆ ಎಂದು ಎಣಿಸುವುದು, ಅದರಲ್ಲಿ ಒಂದನ್ನು ಆರಿಸುವುದು. ಲೆಕ್ಕದಿಂದ ಬಂದ ಹೆಸರಿಗೆ ಯಾರೂ ಬಾಯಿ ತೆಗೆಯುವ ಹಾಗಿಲ್ಲ. ಜಾಣತನ ನೋಡಿ! ಹೇಳಬೇಕಾದ ಒಂದೇ ಒಂದು ಮಾತನ್ನು ಹೇಳದೆ ಇರಲಿಕ್ಕೆ ಇಡೀ ಗಣಿತವನ್ನೇ ಹೊತ್ತು ತಂದಿದ್ದಳು.

ಆ ಸಂಜೆ ಅಂಗಳದಲ್ಲಿ ನಿಂತಿದ್ದ ಟ್ರ್ಯಾಕ್ಟರ್ ಟ್ರಾಲಿಯ ಬದಿಯೇ ಬೋರ್ಡಾಯಿತು. ಅಪ್ಪ ಬಸಲಿಂಗಪ್ಪ ಕಟ್ಟೆಯ ಮೇಲೆ ಕೂತಿದ್ದರು. ಅವರಕ್ಕ ಕೆಂಪವ್ವ, ಅದೇ ಊರಿಗೆ ಮದುವೆಯಾಗಿ ಹೋದವಳು, ತಮ್ಮನ ಮನೆಯ ಶುಭಕ್ಕೂ ಅಶುಭಕ್ಕೂ ಹಿರೇತನ ಮಾಡುವವಳು, ಹೂಬತ್ತಿ ಹೊಸೆಯುತ್ತಿದ್ದಳು. ಮಹಾನಂದಾ ಸುಣ್ಣದ ಕಡ್ಡಿ ಹಿಡಿದು ಹೆಸರು ಹೇಳಿದಳು. ಅಪ್ಪನ ಕಡೆ ನಾಲ್ವರು: ಕೆಂಪವ್ವ, ಆಕೆಯ ಇಬ್ಬರು ಸೊಸೆಯರು, ತಾನು. ಅವ್ವನ ಕಡೆ ಮೂವರು: ಸೋದರಮಾವನ ಹೆಂಡತಿ, ಆಕೆಯ ಸೊಸೆ, ಕೃಷ್ಣವ್ವ. ಓಣಿಯಲ್ಲಿ ಬಳಕೆಯವರು ಇಬ್ಬರು.

ಕೃಷ್ಣವ್ವನ ಹೆಸರು ಬಂದಾಗ ಕೆಂಪವ್ವನ ಬೆರಳು ನಿಲ್ಲಲಿಲ್ಲ, ಬತ್ತಿ ಹೊಸೆಯುತ್ತಲೇ ಇತ್ತು. ಸುಮ್ಮನಿದ್ದಾಳೆ, ಅಂದರೆ ಒಪ್ಪಿದ್ದಾಳೆ ಎಂದು ಮಹಾನಂದಾ ತಿಳಿದಳು.

"ಒಂಬತ್ತು ಮಂದ್ಯಾಗ ಐದು ಮಂದಿನ ಆರಸೂದು. ನೂರಾ ಇಪ್ಪತ್ತಾರು ನಮೂನಿ ಆಗತೈತಿ."

"ನೂರಾ ಇಪ್ಪತ್ತಾರು?" ಬಸಲಿಂಗಪ್ಪ ಬೆಚ್ಚಿದರು. "ಅಷ್ಟು ಮುತ್ತೈದೇರು ನಮ್ಮ ಓಣ್ಯಾಗ ಇಲ್ಲಲ್ಲವಾ!"

"ಮಂದಿ ಅಲ್ಲಪ್ಪ, ಗುಂಪು. ಈಗ ನೀವು ಒಬ್ಬೊಬ್ಬರ ಶರತ್ತು ಹೇಳ್ರಿ. ಗುಂಪು ಕಡಿಮಿ ಆಕ್ಕೋತ ಹೋಗತಾವ."

ಕೆಂಪವ್ವ ಬತ್ತಿಯಿಂದ ತಲೆ ಎತ್ತಿದಳು. "ಹಂಗಾರ ನಂದು ಕೇಳು. ಮನಿ ಮದಿವಿ. ಐದರಾಗ ಮೂರು ಮಂದಿಯರ ನಮ್ಮ ಕಡೆಯವರು ಇರಬೇಕು."

ನ್ಯಾಯವಾದ ಮಾತು. ನೂರಾ ಇಪ್ಪತ್ತಾರು ನಲವತ್ತೈದಕ್ಕೆ ಇಳಿಯಿತು. ಕೆಂಪವ್ವ ತಮ್ಮನ ಕಡೆ ನೋಡಿದಳು. ಬಸಲಿಂಗಪ್ಪ ಗಂಟಲು ಸರಿಮಾಡಿಕೊಂಡು, "ಸೋದರಮಾವನ ಹೆಂಡತಿ ಇರಲಾರದ ಸುರಗಿ ಎಲ್ಲೈತಿ? ಆಕಿ ಬೇಕ ಬೇಕು," ಎಂದರು. ಇದೂ ನ್ಯಾಯವೇ. ನಲವತ್ತೈದು ಹದಿನೇಳಾಯಿತು.

ಆ ಹದಿನೇಳರಲ್ಲಿ ಒಂದು ಗುಂಪು ಮಹಾನಂದಾಳ ಕಣ್ಣಿಗೆ ರಾಚುತ್ತಿತ್ತು: ಅಪ್ಪನ ಕಡೆಯ ನಾಲ್ವರೂ, ಜೊತೆಗೆ ಸೋದರಮಾವನ ಹೆಂಡತಿ. ಕೆಂಪವ್ವ ಅದನ್ನೇ ಎತ್ತಿಕೊಂಡರೆ ಮುಗಿಯಿತು. ಅದೊಂದನ್ನು ಅಳಿಸಬೇಕು, ಅದೂ ಯಾರ ಹೆಸರೂ ಎತ್ತದೆ. ಟ್ರಾಲಿಯ ಮುಂದೆ ಎರಡು ಸಲ ಓಡಾಡಿದಳು. ದಾರಿ ಹೊಳೆಯಿತು.

"ನಂದೂ ಒಂದು ಶರತ್ತು. ಅವ್ವ ಹಾಸಿಗಿ ಹಿಡದಾಗ ಓಣಿಯವರು ಬುತ್ತಿ ಕಟ್ಟಿ ಕಳಸ್ಯಾರ. ಅವರಾಗ ಒಬ್ಬರರ ಇರಾಕ ಬೇಕು."

"ಬೇಶ್ ಹೇಳಿದಿ," ಎಂದಳು ಕೆಂಪವ್ವ, ಉಸಿರು ತೆಗೆದುಕೊಳ್ಳುವಷ್ಟೂ ತಡ ಮಾಡದೆ.

ಈ ಅತ್ತೆ ಸಾರಿಗೆ ಉಪ್ಪು ಹಾಕುವುದಕ್ಕೂ ನಾಲ್ಕು ಮಾತು ಚರ್ಚೆ ಮಾಡುವವಳು. ಇಷ್ಟು ಬೇಗ ಒಪ್ಪಿದ್ದು ಯಾಕೆಂದು ಆಗಲೇ ತಲೆಗೆ ಹೋಗಬೇಕಿತ್ತು. ಹೋಗಲಿಲ್ಲ. ಅಪ್ಪನ ಕಡೆಯ ನಾಲ್ವರೂ ಇದ್ದ ಗುಂಪು ತಪ್ಪಿತಲ್ಲ ಎನ್ನುವ ಹಿಗ್ಗಿನಲ್ಲಿ ಅವಳು ಒಟ್ಟು ಎಷ್ಟು ಉಳಿದವು ಎಂದಷ್ಟೇ ಎಣಿಸಿದಳು. ಎಂಟು. ಆ ಎಂಟರಲ್ಲಿ ಯಾರ್‍ಯಾರು ಇದ್ದಾರೆಂದು ನೋಡಲಿಲ್ಲ. ಪರೀಕ್ಷೆಯಲ್ಲಿ ಹುಡುಗಿಯರು ಹೀಗೆ ಮಾಡಿದರೆ ಕೆಂಪು ಪೆನ್ನಿನಿಂದ ಗೀಚಿ ಬೈಯುವವಳು ಇವಳೇ.

ಅಂಗಳದಿಂದಲೇ ಫೋನು ಹಚ್ಚಿದಳು. "ಎಂಟು ದಾರಿ ಉಳದಾವ ಚಿಗವ್ವ. ಎಲ್ಲಾರೂ ಒಪ್ಯಾರ. ಬಳಿ ಇಡಸೂ ದಿನಾನ ಬಾ, ಶಿವಲಿಂಗ ಕಾಕಾನೂ ಬರಲಿ."

ಕೃಷ್ಣವ್ವ ಕೇಳಿದ್ದು ಒಂದೇ: "ಕೆಂಪವ್ವಕ್ಕನೂ?"

"ಆಕೀನೂ."

ನಡುವಿನ ದಿನಗಳಲ್ಲಿ ಮಹಾನಂದಾ ಯಾವ ಕೆಲಸದಲ್ಲೂ ನಿಲ್ಲಲಿಲ್ಲ. ಅಕ್ಕಿ ಆರಿಸಲು ಕೂತು ಎದ್ದಳು. ಹಂದರದವರಿಗೆ ಬೇಡದ ಸಲಹೆ ಕೊಟ್ಟು ಬೈಸಿಕೊಂಡಳು. ಓಣಿಯ ಆ ಇಬ್ಬರ ಮನೆಗೂ ಹೋಗಿ "ನಿಮ್ಮೊಳಗ ಒಬ್ಬರು ಸುರಗಿಗೆ" ಎಂದು ಹೇಳಿ ಬಂದಳು. ಮದುವೆ ಗಡಿಬಿಡಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಬಳೆ ಇಡಿಸುವ ದಿನ ಬೆಳಗಾಗುತ್ತಲೇ ಬಳೆಗಾರ್ತಿ ಜುಬೇದಾಬಿ ಬುಟ್ಟಿ ಇಳಿಸಿಕೊಂಡು ಪಡಸಾಲೆಯಲ್ಲಿ ಕೂತಳು. ಈ ಮನೆಯ ಹೆಣ್ಣುಮಕ್ಕಳೆಲ್ಲರ ಮುಂಗೈ ಅಳತೆ ಆಕೆಗೆ ಬಾಯಿಪಾಠ. ಕೃಷ್ಣವ್ವ ಆಗಲೇ ಬಂದಿದ್ದಳು. ಹೊಸ ಇಳಕಲ್ ಸೀರೆ, ಉಜ್ಜಿ ಉಜ್ಜಿ ತೊಳೆದ ಕೈ. ಆದರೂ ಉಗುರಿನ ಸಂದಿಯಲ್ಲಿ ಭಂಡಾರದ ಹಳದಿ ಉಳಿದಿತ್ತು. ಹೊಸ್ತಿಲ ಹತ್ತಿರ ಕೂತವಳನ್ನು ಶೀತಲ ಎಳೆದು ತನ್ನ ಪಕ್ಕಕ್ಕೆ ಕೂಡಿಸಿಕೊಂಡಿದ್ದಳು.

"ಮೊದಲ ಮದುಮಗಳು, ಆಮ್ಯಾಲ ಸುರಗಿ ಐದು ಮಂದಿ, ಆಮ್ಯಾಲ ಉಳಿದವರು," ಎಂದಳು ಜುಬೇದಾಬಿ. "ಐದು ಮಂದಿ ಯಾರವಾ? ಈ ಕಡೆ ಸರೀರಿ, ಅಳತಿ ಪ್ರಕಾರ ತಗದ ಇಡತೇನಿ."

ಎಲ್ಲರೂ ಮಹಾನಂದಾಳ ಕಡೆ ನೋಡಿದರು. ಅವಳು ಬಾಗಿಲಿನಿಂದ ಟ್ರಾಲಿಯ ಮೇಲಿನ ಸುಣ್ಣದ ಗುರುತು ನೋಡುತ್ತ ಎಣಿಸಿದಳು. ಅಪ್ಪನ ಕಡೆ ಮೂವರು. ಸೋದರಮಾವನ ಹೆಂಡತಿ, ನಾಲ್ಕು. ಓಣಿಯವಳೊಬ್ಬಳು, ಐದು. ಅಲ್ಲಿಗೆ ಕೈಬೆರಳು ಮುಗಿದವು.

ಮತ್ತೊಮ್ಮೆ ಎಣಿಸಿದಳು. ಅಪ್ಪನ ಕಡೆಯವರಲ್ಲಿ ಯಾರನ್ನು ಬಿಟ್ಟರೂ ಮೂವರು ಮೂವರೇ. ಓಣಿಯವರಲ್ಲಿ ಯಾರನ್ನು ತೆಗೆದುಕೊಂಡರೂ ಒಬ್ಬಳು ಒಬ್ಬಳೇ. ಎಂಟಕ್ಕೆ ಎಂಟೂ ಗುಂಪು ಹೀಗೆಯೇ ತುಂಬಿ ಹೋಗುತ್ತಿದ್ದವು. ಒಂದರಲ್ಲೂ ಕೃಷ್ಣವ್ವನಿಗೆ ಜಾಗವಿರಲಿಲ್ಲ. ಹದಿನೇಳು ಇದ್ದಾಗ ನಾಲ್ಕರಲ್ಲಿ ಇತ್ತು. ಆ ನಾಲ್ಕನ್ನು ಕೆಂಪವ್ವ ಅಳಿಸಿರಲಿಲ್ಲ, ಅಪ್ಪ ಅಳಿಸಿರಲಿಲ್ಲ. ಓಣಿಯವರು ಬೇಕೆಂದು ತಾನೇ ಎದೆ ಉಬ್ಬಿಸಿ ಹೇಳಿ, ಅತ್ತೆಯ ಒಂದು ಗುಂಪನ್ನು ತಪ್ಪಿಸಲು ಹೋಗಿ, ಚಿಗವ್ವನ ನಾಲ್ಕೂ ಗುಂಪನ್ನು ತನ್ನ ಕೈಯಾರೆ ಅಳಿಸಿ ಹಾಕಿದ್ದಳು. ಕಿವಿ ಕಾದವು. ನಾಚಿಕೆಯಿಂದ ಸತ್ತೇ ಹೋಗಬೇಕೆನಿಸಿತು.

"ಅತ್ತಿ, ನಿಮಗ ಗೊತ್ತಿತ್ತು," ಎಂದಳು.

"ಏನು ಗೊತ್ತಿತ್ತು?" ಕೆಂಪವ್ವ ಸೆರಗು ಸರಿಮಾಡಿಕೊಂಡಳು. "ನಾವ್ಯಾರರ ಕೃಷ್ಣವ್ವ ಬ್ಯಾಡ ಅಂದೇವೇನು? ಆಕಿ ಹೆಸರ ಎತ್ತಿಲ್ಲ. ನಿನ್ನ ಲೆಕ್ಕನ ಹಂಗ ಬಂತು."

ಕೃಷ್ಣವ್ವನ ಮುಖದಲ್ಲಿ ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಆಕೆ ಮೆಲ್ಲಗೆ ಎದ್ದು, "ಒಲಿ ಮ್ಯಾಲ ಏನೈತಿ ನೋಡತೇನಿ," ಎಂದು ಅಡಿಗೆ ಮನೆಯ ಕಡೆ ಹೊರಟಳು. ಈ ಸಲ ಯಾರೂ ಕಳಿಸುವುದೂ ಬೇಕಾಗಲಿಲ್ಲ.

"ಚಿಗವ್ವ, ನಿಂದ್ರು!" ಮಹಾನಂದಾಳ ದನಿ ತಾನೇ ಬೆಚ್ಚುವಷ್ಟು ಜೋರಾಗಿ ಬಂತು. "ಓಣಿ ಶರತ್ತು ನಂದು. ನಾನ ಹಾಕಿದ್ದು, ನಾನ ತಗೀತೇನಿ. ಓಣಿಯವರ ಕಾಲು ಹಿಡಕೊಂಡು ಸಮಾಧಾನ ಮಾಡತೇನಿ. ಈಗ ಅತ್ತಿಯವರ ಮೂರು ಮಂದಿ, ಮಾಮಿ ನಾಲ್ಕು, ಚಿಗವ್ವ ಐದು. ನಾ ಹೊರಗ ಇರತೇನಿ. ನಿಮ್ಮ ಶರತ್ತು ಎರಡೂ ಹಂಗ ಉಳದಾವ. ಇನ್ನ ಏನರ ಶರತ್ತು ಇದ್ರ ಹೇಳ್ರಿ ಅತ್ತಿ."

ಕೆಂಪವ್ವ ತಮ್ಮನ ಕಡೆ ನೋಡಿದಳು. ಬಸಲಿಂಗಪ್ಪ ಹಂದರದ ಗಳ ನೋಡುತ್ತಿದ್ದರು. ಕೊನೆಗೆ ಅಷ್ಟು ವರ್ಷ ಯಾರೂ ಬಾಯಿ ಬಿಟ್ಟು ಆಡಿರದ ಮಾತನ್ನು ಆಕೆಯೇ ಆಡಬೇಕಾಯಿತು.

"ಉಡಿಕಿ ಆದಾಕಿ ಸುರಗಿ ಸುತ್ತಬಾರದು. ಆಕಿ ಮ್ಯಾಲ ನನಗೇನು ಸಿಟ್ಟಿಲ್ಲವಾ. ಹೆದರಿಕಿ ಐತಿ. ತಾಯಿ ಇಲ್ಲದ ಹುಡಿಗಿ ಇದು. ನಾಳಿ ಹೆಚ್ಚುಕಡಿಮಿ ಆದ್ರ ಯಾರು ಹೊಣಿ?"

ಕೃಷ್ಣವ್ವ ಅಡಿಗೆ ಮನೆಯ ಬಾಗಿಲಲ್ಲೇ ತಿರುಗಿ ನಿಂತಳು. ಅಳುತ್ತಾಳೆ ಎಂದುಕೊಂಡಿದ್ದರು ಎಲ್ಲರೂ. ಅಳಲಿಲ್ಲ.

"ನಮ್ಮಕ್ಕನ ಮದಿವಿ ಇಲ್ಲೇ ಆತು, ಸುರಗಿ ಈ ಅಂಗಳದಾಗ ಸುತ್ತಿದ್ರಿ ಅಕ್ಕಾರ," ಎಂದಳು. "ಐದಕ್ಕ ಐದೂ ಮಂದಿ ಮೊದಲನೇ ತಾಳಿಯವರ. ನೀವೂ ಇದ್ರಿ. ನಮ್ಮಕ್ಕ ಉಳದಳೇನು?"

ಕೆಂಪವ್ವನ ಮುಖ ಬಾಡಿತು. ಆ ಸಾವಿಗೆ ಅಂಗಳದಲ್ಲಿ ಬಿದ್ದು ಹೊರಳಾಡಿ ಅತ್ತವಳು ಆಕೆಯೇ.

"ಅಕ್ಕ ಹೋದಳು. ನಿಮ್ಮ ಕೈಯಿಂದ ಹೋದಳು ಅಂತ ನಾ ಎಂದರ ಅಂದೇನೇನು? ಈ ಹುಡಿಗಿಗೆ ದಡಾರ ಬಂದಾಗ, ಕಾಲು ಮುರದಾಗ, ಎದ್ದು ನೀರು ಎರದಾಕಿ ನಾನು. ಆವಾಗ ನನ್ನ ಕೊರಳಾಗ ತಾಳಿನ ಇರಲಿಲ್ಲ. ಆವಾಗ ಯಾಕ ಯಾರಿಗೂ ಹೆದರಿಕಿ ಬರಲಿಲ್ಲ?"

ಮಹಾನಂದಾ ಚಿಗವ್ವನ ಮುಖವನ್ನೇ ನೋಡುತ್ತಿದ್ದಳು. ಬೇಡ ಎಂದು ಎದುರಿಗೆ ಯಾರೂ ಅನ್ನದೆ ಇದ್ದದ್ದಕ್ಕೆ ಈಕೆ ಇಷ್ಟು ವರ್ಷ ಸುಮ್ಮನಿದ್ದಳು; ಅಂದ ಮೇಲೆ ನೋಡಿ, ಮಾತು ಎಷ್ಟು ಸಲೀಸಾಗಿ ಬಂತು.

ಕೆಂಪವ್ವ ಗಲಿಬಿಲಿಯಲ್ಲಿ ಮಾತು ತಿರುಗಿಸಲು ನೋಡಿದಳು. "ಹೊತ್ತಾಕ್ಕೈತಿ. ಜುಬೇದಾ, ಮೊದಲ ಮದುಮಗಳಿಗೆ ಇಡು," ಎನ್ನುತ್ತ ಶೀತಲಳ ಕೈ ಎಳೆದು ಬಳೆಗಾರ್ತಿಯ ಮಡಿಲಲ್ಲಿಟ್ಟಳು.

ಶೀತಲ ಮುಷ್ಟಿ ಬಿಗಿ ಹಿಡಿದಿದ್ದಳು.

"ಕೈ ಸಡಿಲ ಬಿಡು ಬೇಟಿ, ಹೆಚ್ಚತಾವ," ಎಂದಳು ಜುಬೇದಾಬಿ. ಮದುವೆಯ ಮನೆಯಲ್ಲಿ ಬಳೆ ಒಡೆಯುತ್ತವೆ ಅನ್ನುವಂತಿಲ್ಲ, ಹೆಚ್ಚುತ್ತವೆ ಅನ್ನಬೇಕು.

"ಎಲ್ಲಾರ ಶರತ್ತು ಕೇಳಿದಿ ಅಕ್ಕಾ," ಶೀತಲ ಮಹಾನಂದಾಳಿಗೆ ಹೇಳಿದಳು. ಮುಷ್ಟಿ ಬಿಚ್ಚಲಿಲ್ಲ. "ದಾರ ಸುತ್ತೂದು ನನಗ. ನನ್ನ ಕೇಳಲೇ ಇಲ್ಲ."

ಮಹಾನಂದಾಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಹೌದು, ಕೇಳಿರಲಿಲ್ಲ. ಕೃಷ್ಣವ್ವನನ್ನೂ ಕೇಳಿರಲಿಲ್ಲ. ಟ್ರಾಲಿಯ ಮುಂದೆ ಅಷ್ಟು ಓಡಾಡಿದವಳು ನಾಲ್ಕು ಹೆಜ್ಜೆ ಇಟ್ಟು ಒಳಗೆ ಬಂದು ತಂಗಿಯ ಪಕ್ಕ ಕೂತಿರಲಿಲ್ಲ.

"ಈಗ ಹೇಳು," ಎಂದಳು.

"ಚಿಗವ್ವ ಸುತ್ತಬೇಕು. ಚಿಗವ್ವಗ ಬಳಿ ಇಟ್ಟ ಮ್ಯಾಲ ನಾ ಕೈ ಕೊಡತೇನಿ."

ಕೆಂಪವ್ವ ಏನೋ ಹೇಳಹೊರಟಳು. ಅಷ್ಟರಲ್ಲಿ ಬಸಲಿಂಗಪ್ಪ ಹಂದರದ ಗಳದಿಂದ ಕಣ್ಣು ಕಿತ್ತು, "ಅಕ್ಕಾ, ಸಾಕು," ಎಂದರು. ಆ ಮನೆಯಲ್ಲಿ ಅವರು ಅಕ್ಕನಿಗೆ ಹಾಗೆ ಅಂದದ್ದು ಯಾರಿಗೂ ನೆನಪಿಲ್ಲ. ಅವರಿಗೂ ಅದು ಹೇಗೋ ಆಗಿ, ಎದ್ದು ಎತ್ತಿಗೆ ನೀರು ಕುಡಿಸುವ ನೆಪ ಮಾಡಿ ಹೊರಗೆ ಹೋದರು. ಜುಬೇದಾಬಿ ಇನ್ನೊಬ್ಬರ ಅಪ್ಪಣೆಗೆ ಕಾಯಲಿಲ್ಲ. ಕೃಷ್ಣವ್ವನ ಕೈ ಹಿಡಿದು ಹಸಿರು ಬಳೆ ಏರಿಸತೊಡಗಿದಳು.

ಮರುದಿನ ಬೆಳಿಗ್ಗೆ ಸುರಗಿ. ನಾಲ್ಕು ತಂಬಿಗೆಯ ನಡುವೆ ಶೀತಲ ಕೂತಿದ್ದಳು. ಓಣಿಯ ಇಬ್ಬರೂ ಬಂದಿದ್ದರು. ಒಬ್ಬಳು ಮಹಾನಂದಾಳ ಜೊತೆ ಮಾತಾಡಿದಳು, ಇನ್ನೊಬ್ಬಳು ಮಾತಾಡಲಿಲ್ಲ. ಅದು ಮಹಾನಂದಾ ತಾನೇ ಮಾಡಿಕೊಂಡದ್ದು, ಅನುಭವಿಸಬೇಕು. ತಂಬಿಗೆಗಳ ಆಚೆ ನಿಂತು ನೋಡುತ್ತಿದ್ದರೂ ಅವಳಿಗೆ ಒಳಗೊಳಗೇ ಕುದಿ. ಲೆಕ್ಕ ಸರಿಯಾಗಿತ್ತು, ಹೆಸರು ಐದೂ ಕೂಡಿದ್ದವು, ಆದರೆ ಕೆಂಪವ್ವ ನಿನ್ನೆಯಿಂದ ಒಂದು ಮಾತೂ ಆಡಿರಲಿಲ್ಲ.

ಹಾಡು ಶುರುವಾಯಿತು. ದಾರದ ಉಂಡೆ ಒಬ್ಬ ಸೊಸೆಯಿಂದ ಇನ್ನೊಬ್ಬ ಸೊಸೆಗೆ, ಅಲ್ಲಿಂದ ಮಾಮಿಗೆ, ಮಾಮಿಯಿಂದ ಕೃಷ್ಣವ್ವನಿಗೆ ಬಂತು. ಕೃಷ್ಣವ್ವ ತನ್ನ ಮೂಲೆಯ ತಂಬಿಗೆಗೆ ದಾರ ಬಳಸಿ ಕೆಂಪವ್ವನ ಕಡೆ ಚಾಚಿದಳು. ಕೆಂಪವ್ವ ಕೈ ಮುಂದೆ ಮಾಡಲಿಲ್ಲ. ಸೆರಗಿನ ತುದಿಯನ್ನು ಬೊಗಸೆ ಮಾಡಿ ಒಡ್ಡಿದಳು, ಮೇಲಿನಿಂದ ಹಾಕು ಎನ್ನುವ ಹಾಗೆ.

ಹಾಡುವವರ ದನಿ ತೊಡರಿತು. ಮಹಾನಂದಾಳ ನಾಲಿಗೆಯ ತುದಿಗೆ ಮಾತು ಬಂತು, ಕಾಲು ಮುಂದಕ್ಕೆ ಹೋಯಿತು. ಮಾತನ್ನು ನುಂಗಿದಳು, ಕಾಲು ಹಿಂದೆ ತೆಗೆದಳು. ಈ ಮಾತು ತಾನು ಆಡುವಂಥದ್ದಲ್ಲ.

"ಸೆರಗು ತಗೀರಿ ಅಕ್ಕಾರ," ಎಂದಳು ಕೃಷ್ಣವ್ವ. ಸಿಟ್ಟಿನಿಂದಲ್ಲ, ಆದರೆ ಬಿಟ್ಟುಕೊಡುವ ದನಿಯೂ ಅಲ್ಲ. "ಹುಡಿಗಿ ದಾರ ಇದು. ಕೈ ಕೊಡ್ರಿ."

ಉಂಡೆ ಬಿಡದೆ ಆಕೆ ಹಾಗೆಯೇ ನಿಂತಳು. ಸುತ್ತಿದ ದಾರ ಬಿಗಿಯಾಗಿ ತಂಬಿಗೆಯೊಂದು ಸಣ್ಣಗೆ ಅಲುಗಿತು. ನಡುವೆ ಕೂತ ಶೀತಲ ತಲೆ ಎತ್ತಿ ಅತ್ತೆಯನ್ನು ನೋಡಿದಳು. ಕೆಂಪವ್ವನ ಕಣ್ಣು ತುಂಬಿದ್ದವು. ಹಟದಿಂದಲೋ ಹೆದರಿಕೆಯಿಂದಲೋ ಆಕೆಗೇ ಗೊತ್ತಿರಲಿಕ್ಕಿಲ್ಲ. ಸೆರಗು ಬಿಟ್ಟು ಬರಿಗೈ ಚಾಚಿದಳು. ಆ ಕೈ ಎಷ್ಟು ನಡುಗುತ್ತಿತ್ತೆಂದರೆ ಉಂಡೆ ಕೊಟ್ಟರೆ ಬಿದ್ದೇ ಬೀಳುವಂತಿತ್ತು. ಕೃಷ್ಣವ್ವ ತನ್ನ ಇನ್ನೊಂದು ಕೈಯನ್ನು ಅದರ ಕೆಳಗೆ ಕೊಟ್ಟು, ಬೆರಳು ಗಟ್ಟಿಯಾಗಿ ಹಿಡಿದುಕೊಳ್ಳುವವರೆಗೆ ಕಾದು, ಆಮೇಲೆ ದಾರ ಬಿಟ್ಟಳು.